ತಪ್ಪಿಲ್ಲದ ಖಾರ

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಮುನ್ನೂರು ಜನ ಹುಲುಗಪ್ಪನನ್ನು ಮಾತಾಡಿಸುತ್ತಿದ್ದರು. ಕಂಟ್ರೋಲರ್ ಎಂದ ಮೇಲೆ ಮಾತಾಡಿಸದೆ ಬಿಡುತ್ತಾರೆಯೇ? ಕೊಟ್ಟೂರು ಬಸ್ಸು ಬಂತೇ, ಹಡಗಲಿ ಬಸ್ಸು ಹೋಯಿತೇ, ಹೊಸಪೇಟೆಗೆ ಇನ್ನೊಂದು ಎಷ್ಟು ಹೊತ್ತಿಗೆ. ಕಿಟಕಿಯ ಕಂಬಿಗೆ ಮೂಗು ತಾಗಿಸಿ ಕೇಳುವವರು ಉತ್ತರ ಮುಗಿಯುವ ಮೊದಲೇ ಬೆನ್ನು ತಿರುಗಿಸಿ ಓಡುತ್ತಿದ್ದರು. ಒಳಗೆ ಕೂತವನಿಗೆ ಜ್ವರವೋ ನೆಗಡಿಯೋ, ಅವನು ಕೂತಿದ್ದಾನೋ ಅವನ ಜಾಗದಲ್ಲಿ ಇನ್ನೊಬ್ಬನಿದ್ದಾನೋ, ಯಾರಿಗೂ ಬೇಕಿರಲಿಲ್ಲ. ಒಮ್ಮೆ ಟೈಫಾಯ್ಡ್ ಆಗಿ ಹನ್ನೆರಡು ದಿನ ಮಲಗಿ ಎದ್ದು ಬಂದಾಗ, ಎಲ್ಲಿ ಹೋಗಿದ್ದಿರಿ ಎಂದು ಕೇಳಿದವರು ಇಡೀ ಊರಿನಲ್ಲಿ ಒಬ್ಬರೇ. ಖಾನಾವಳಿಯ ನೀಲಗಂಗಮ್ಮ.

ಹುಲುಗಪ್ಪನಿಗೆ ಐವತ್ತೊಂದು. ಒಂದು ಕೋಣೆ, ಒಂದು ಚಾಪೆ, ಒಂದು ತಟ್ಟೆ. ಮದುವೆ ಆಗಿರಲಿಲ್ಲ ಎಂದಲ್ಲ, ಇಪ್ಪತ್ತೈದರಲ್ಲಿ ಆಗಿತ್ತು. ಎಂಟು ತಿಂಗಳಿಗೆ ಹೆಂಡತಿ ತವರಿಗೆ ಹೋದಳು, ಹೋದವಳು ಅಲ್ಲೇ ಉಳಿದಳು. ಜಗಳವೇನೂ ಆಗಿರಲಿಲ್ಲ. ಹೋಗಿ ಕರೆದುಕೊಂಡು ಬಾ ಎಂದು ಅವ್ವ ದಿನಾ ಹೇಳಿದಳು. ಬರುವ ಮನಸ್ಸಿದ್ದರೆ ತಾನೇ ಬರುತ್ತಾಳೆ, ಹಗ್ಗ ಹಾಕಿ ಎಳೆದು ತರಲು ಅವಳೇನು ಎಮ್ಮೆಯೇ ಎಂದು ಇವನು ಕಾದ. ಆ ಕಡೆ ಅವಳೂ ಕಾದಳೇನೋ. ಎರಡು ವರ್ಷ ನೋಡಿ, ಹಿರಿಯರನ್ನು ಕೂಡಿಸಿ, ಬೇರೊಬ್ಬನ ಜೊತೆ ಕೂಡಿಕೆಯಾಗಿ ಹೋದಳು. ಯಾರನ್ನೂ ಯಾವುದಕ್ಕೂ ಬಲವಂತ ಮಾಡಬಾರದು ಎಂಬುದು ಹುಲುಗಪ್ಪನ ನೇಮ. ನೇಮವೇನೋ ದೊಡ್ಡದೇ. ಅದನ್ನು ಕಟ್ಟಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ.

ನೀಲಗಂಗಮ್ಮನ ಖಾನಾವಳಿ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೈಲರ್ ಅಂಗಡಿಗೂ ಎಸ್‌ಟಿಡಿ ಬೂತಿಗೂ ನಡುವೆ ಇತ್ತು. ಬೋರ್ಡು ಗೀರ್ಡು ಇರಲಿಲ್ಲ. ಮೂರು ಮೇಜು, ಆರು ಬೆಂಚು, ಒಳಗೆ ಸೌದೆ ಒಲೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಡ್ರೈವರುಗಳೂ ಕಂಡಕ್ಟರುಗಳೂ ತಾವಾಗಿಯೇ ಬರುತ್ತಿದ್ದರು. ಅವಳ ಗಂಡ ಮದುವೆಯಾದ ಆರನೇ ವರ್ಷ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಉಚ್ಚಂಗಿದುರ್ಗದ ಹತ್ತಿರದ ತವರಿಗೆ ವಾಪಸು ಹೋಗಲು ಒಪ್ಪದೆ, ಇದ್ದ ಊರಿನಲ್ಲೇ ಒಲೆ ಹೂಡಿ ಕೂತವಳು.

ಹುಲುಗಪ್ಪ ಅಲ್ಲಿಗೆ ಮೊದಲ ಸಲ ಹೋದದ್ದು ಎಂಬತ್ತೊಂಬತ್ತರಲ್ಲಿ, ಹಡಗಲಿಯಿಂದ ವರ್ಗವಾಗಿ ಬಂದ ವಾರ. ಒಳಗೆ ಕಾಲಿಡಲಿಲ್ಲ. ಹಿಂದೆ ಬೇರೊಂದು ಊರಿನ ಖಾನಾವಳಿಯಲ್ಲಿ ಕೂತು ಎರಡು ತುತ್ತು ತಿಂದ ಮೇಲೆ ಹೆಸರು, ಕೇರಿ ಕೇಳಿ ಎಬ್ಬಿಸಿದ್ದರು. ಅಂದಿನಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ರೂಢಿ ಮಾಡಿಕೊಂಡಿದ್ದ. ಹೊಸ್ತಿಲಾಚೆ ನಿಂತು, "ನಾ ಹುಲುಗಪ್ಪ ಅಂತ್ರಿ, ಬಸ್ ಸ್ಟ್ಯಾಂಡಿಗೆ ಹೊಸದಾಗಿ ಬಂದೀನಿ. ಕೇರಿಯಾವ್ರಿ. ಒಳಗ ಕುಂದ್ರಬೌದೇನ್ರಿ?" ಎಂದ.

ಒಲೆಯ ಮುಂದಿನಿಂದ ನೀಲಗಂಗಮ್ಮ ತಲೆ ಎತ್ತಲಿಲ್ಲ. "ರೊಟ್ಟಿ ಆರ್ತಾವು, ಕುಂದ್ರಿ," ಎಂದಳು.

ಅಷ್ಟೇ. ಅಂದಿನಿಂದ ಹದಿನಾಲ್ಕು ವರ್ಷ ಎರಡು ಹೊತ್ತೂ ಅಲ್ಲೇ ಊಟ. ಮಿಕ್ಕವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು, ಅಮ್ಮಾರು ಎನ್ನುತ್ತಿದ್ದರು. ಹುಲುಗಪ್ಪನಿಗೆ ಅಕ್ಕ ಎನ್ನಲು ನಾಲಿಗೆ ಏಳಲಿಲ್ಲ. ಹೆಸರು ಹಿಡಿದು ಕರೆಯುವಷ್ಟು ಸಲಿಗೆಯೂ ಇರಲಿಲ್ಲ. "ಏನ್ರಿ" ಎಂಬ ಒಂದೇ ಮಾತಿನಲ್ಲಿ ಹದಿನಾಲ್ಕು ವರ್ಷ ಸಾಗಿಸಿದ. ಯಾಕೆ ನಾಲಿಗೆ ಏಳಲಿಲ್ಲ ಎಂದು ಬೇರೆ ಯಾರಾದರೂ ಆಗಿದ್ದರೆ ಒಂದು ದಿನವಾದರೂ ಕೂತು ಯೋಚಿಸುತ್ತಿದ್ದರು.

ಅವಳ ಕೈಯ ರಂಜಕಕ್ಕೆ ಹೆಸರಿತ್ತು. ಚಳಿಗಾಲದ ಕೊನೆಗೆ ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ ಸಂತೆಗೆ ಬರುತ್ತಿದ್ದಂತೆ ಒಂದು ಚೀಲ ತರಿಸಿ, ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಟ್ಟು ಮುರಿದು, ಕಲ್ಲುಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯ ಹಾಕಿ ಒರಳಿನಲ್ಲಿ ಕುಟ್ಟಿ, ನಿಂಬೆಹಣ್ಣು ಹಿಂಡಿ ಭರಣಿಗೆ ತುಂಬುತ್ತಿದ್ದಳು. ವರ್ಷವಿಡೀ ಅದೇ ಖಾರ. ಅದನ್ನು ಭರಣಿಗೆ ತುಂಬುವ ಮೊದಲು ಅವಳ ತವರಿನ ಕಡೆಯ ಒಂದು ಪದ್ಧತಿ ನಡೆಯಬೇಕು. ಮನೆಯವರಲ್ಲದ ಒಬ್ಬರು ಮೊದಲು ರುಚಿ ನೋಡಬೇಕು. ನೋಡಿದವರು ಒಂದಾದರೂ ತಪ್ಪು ಹೇಳಲೇಬೇಕು. ತಪ್ಪಿಲ್ಲ ಎಂದು ಹೊಗಳಿದ ಖಾರಕ್ಕೆ ಕಣ್ಣು ತಾಗಿ, ಮಳೆಗಾಲ ಬರುವುದರೊಳಗೆ ಬೂಸ್ಟು ಹಿಡಿಯುತ್ತದೆ ಎಂದು ಅವಳ ಅವ್ವ ನಂಬಿದ್ದಳು, ಇವಳೂ ನಂಬಿದ್ದಳು.

ಮೊದಲನೇ ವರ್ಷವೇ ಆ ಕೆಲಸ ಹುಲುಗಪ್ಪನ ಪಾಲಿಗೆ ಬಂತು. ಬಿಸಿ ರೊಟ್ಟಿಯ ಮೇಲೆ ಹೊಸ ಖಾರ ಇಟ್ಟು, ಮೇಲೆ ಒಂದು ಚಮಚ ಕುಸುಬೆ ಎಣ್ಣೆ ಬಿಟ್ಟು, ಅವಳು ಎದುರಿಗೆ ನಿಂತು ಕೇಳಿದಳು.

"ಹ್ಯಾಂಗೈತ್ರಿ ಸಾಹೇಬ್ರ?"

ಹುಲುಗಪ್ಪ ಒಂದು ತುತ್ತು ಮುರಿದು ಬಾಯಿಗಿಟ್ಟ. ಬಸ್ಸಿನ ಹೊತ್ತು ಬಿಟ್ಟು ಬೇರೆ ಏನನ್ನಾದರೂ ಯಾರಾದರೂ ತನ್ನನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಅವನು ಕಣ್ಣು ಮುಚ್ಚಿ ಅಗಿದ. ಉಪ್ಪು ಒಂದು ಕಲ್ಲು ಮುಂದಿದೆ ಎಂದ. ಅವಳು ತಾನೂ ನೆಕ್ಕಿ ನೋಡಿ, "ಖರೇ ಐತಿ" ಎಂದಳು. ಆಮೇಲೆ ಪ್ರತಿವರ್ಷವೂ ಅವನೇ. ತೊಂಬತ್ತೆರಡರಲ್ಲಿ ಮೆಂತ್ಯ ಸೀದಿತ್ತು. ತೊಂಬತ್ತೈದರಲ್ಲಿ ನಿಂಬೆ ಕಾಯಿದ್ದಾಗಲೇ ಹಿಂಡಿದ್ದಳು. ತೊಂಬತ್ತೆಂಟರ ಖಾರದಲ್ಲಿ ಏನು ಮಾಡಿದರೂ ತಪ್ಪು ಸಿಗಲಿಲ್ಲ. ಮೂರು ರೊಟ್ಟಿ ತಿಂದು ಹುಡುಕಿ, ಕೊನೆಗೆ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಸಡಿಲವಾಗಿದೆ ಎಂದ. ಅವತ್ತು ಅವಳು ಸೆರಗು ಬಾಯಿಗೆ ಒತ್ತಿಕೊಂಡು ಎಷ್ಟು ನಕ್ಕಳೆಂದರೆ ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಆ ನಗುವನ್ನು ಹುಲುಗಪ್ಪ ವರ್ಷಗಟ್ಟಲೆ ನೆನೆಸಿಕೊಂಡ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಕೊಟ್ರಬಸಪ್ಪ ಬಂದ. ನೀಲಗಂಗಮ್ಮನ ಗಂಡನ ಅಣ್ಣನ ಮಗ, ಹರಪನಹಳ್ಳಿಯವನು. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಊರ ಹೊರಗೆ ಶೆಡ್ಡು ಹಾಕಿ, ಅರೆಯುವ ಯಂತ್ರ ತಂದು, ಬಾಟಲಿಯಲ್ಲಿ ಖಾರ ತುಂಬಿ ಮಾರುವ ಕೆಲಸ ಶುರು ಮಾಡಿದ್ದ. ಬಾಟಲಿಯ ಮೇಲೆ ಹೊಳೆಯುವ ಚೀಟಿ, ಚೀಟಿಯ ಮೇಲೆ "ನೀಲಗಂಗಮ್ಮನ ರಂಜಕ", ಅದರ ಕೆಳಗೆ ಅವಳದೇ ಫೋಟೊ. ಹಿಂದೆ ಯಾವುದೋ ಮದುವೆಯಲ್ಲಿ ತೆಗೆದದ್ದು. ರೇಷ್ಮೆ ಸೀರೆ ಉಟ್ಟು ನಗು ಅಂದರೆ ನಕ್ಕ ಹಾಗಿತ್ತು.

ಮಧ್ಯಾಹ್ನದ ಗದ್ದಲ ಮುಗಿದಿತ್ತು. ಒಳಗೆ ಹುಲುಗಪ್ಪ ಒಬ್ಬನೇ ಮಜ್ಜಿಗೆ ಅನ್ನ ಕಲಸುತ್ತಿದ್ದ. ಕೊಟ್ರಬಸಪ್ಪ ಅವನ ಎದುರಿಗೇ ಬಂದು ಕೂತ.

"ನೀವಾರ ಹೇಳ್ರಿ ಕಂಟ್ರೋಲರ್ ಸಾರ್. ಚಿಗವ್ವ ಇನ್ನ ಎಷ್ಟ್ ದಿನ ಹೊಗೆ ಕುಡ್ಕಂಡು ಕುಂದ್ರಬೇಕು? ಮಂಡಿ ನೋವು, ಕೆಮ್ಮು. ನಮ್ಮನೇಲಿ ಬಂದಿರ್ಲಿ. ದಿನಾ ಒಂದ್ ತಾಸು ಶೆಡ್ಡಿಗೆ ಬಂದು ಕುರ್ಚಿ ಮ್ಯಾಲೆ ಕುಂತ್ಕಂಡು ನೋಡ್ಕಂಡಿದ್ರೆ ಸಾಕು. ಜನಕ್ಕೆ ಒಂದ್ ನಂಬಿಕೆ."

ಅವನು ಕೊಟ್ಟಿದ್ದ ಬಾಟಲಿ ಹಿಡಿದುಕೊಂಡು ನೀಲಗಂಗಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಬಾಟಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ತಂದು ಹುಲುಗಪ್ಪನ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ನಾ ಏನೂ ಹೇಳಾದಿಲ್ಲಪ್ಪ. ಸಾಹೇಬ್ರು ಮನಿಗೆ ಒಯ್ದು ರುಚಿ ನೋಡ್ಲಿ. ಬೇಸ್ತವಾರ ಬಂದು ಹೇಳ್ಲಿ. ಛಲೋ ಐತಿ ಅಂದ್ರ ಇದನ್ನ ಮುಚ್ಚಿ ನಿನ್ನ ಕೂಡ ಬರ್ತೀನಿ. ಛಲೋ ಇಲ್ಲ ಅಂದ್ರ ಇಲ್ಲೇ ಇರ್ತೀನಿ."

ಇಷ್ಟು ಹೇಳಿ ಅವಳು ಹುಲುಗಪ್ಪನ ಮುಖವನ್ನು ನೋಡಿದಳು. ಹುಲುಗಪ್ಪ ಬಾಟಲಿಯ ಮುಚ್ಚಳವನ್ನು ನೋಡುತ್ತಿದ್ದ.

ಅವತ್ತು ಸೋಮವಾರ. ಬಾಟಲಿಯನ್ನು ಅಂಗಿಯ ಕೆಳಗೆ ಮುಚ್ಚಿಕೊಂಡು, ಕಳ್ಳ ಮಾಲು ಸಾಗಿಸುವವನ ಹಾಗೆ ಕೋಣೆಗೆ ತಂದ. ನೀಲಗಂಗಮ್ಮ ಹೋದರೆ ಈ ಊರಿನಲ್ಲಿ ತನ್ನನ್ನು ಕೇಳುವವರು ಯಾರೂ ಇಲ್ಲ. ಇದೇನು ಅವನಿಗೆ ಹೊಸ ಸುದ್ದಿಯಲ್ಲ. ಆದರೆ ಹೀಗೆ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಯಾರೂ ಕೈಗೆ ಕೊಟ್ಟಿರಲಿಲ್ಲ. ಚಾಪೆಯ ಮೇಲೆ ಕೂತು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಅದನ್ನು ಗೂಡಿನಲ್ಲಿಟ್ಟು ಡ್ಯೂಟಿಗೆ ವಾಪಸು ಹೋದ.

ಡ್ಯೂಟಿ ಮುಗಿಸಿ ಬಂದ ಮೇಲೆ ಸಂಜೆಯ ಬೆಳಕು ಇರುವಾಗಲೇ ಬಾಯಿ ಮುಕ್ಕಳಿಸಿ ಪರೀಕ್ಷೆಗೆ ಕೂತ. ಮುಚ್ಚಳ ತೆರೆದ ಕೂಡಲೇ ಮೆಣಸಿನಕಾಯಿಗಿಂತ ಮೊದಲು ವಿನೆಗರ್ ಬಂದು ಮೂಗಿಗೆ ಹೊಡೆಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತ ಹಾಗಾಯಿತು. ಬೆರಳಿಗೆ ಹಚ್ಚಿಕೊಂಡು ನೆಕ್ಕಿದ. ಮೊದಲು ಸಿಹಿ. ರಂಜಕಕ್ಕೆ ಸಿಹಿ ಯಾರು ಹಾಕುತ್ತಾರೆ ಮಾರಾಯ, ಅದೇನು ಹೋಳಿಗೆಯೇ? ಸಿಹಿಯ ಹಿಂದೆ ಹುಳಿ, ಹುಳಿಯ ಹಿಂದೆ ಏನೂ ಇಲ್ಲ, ಬಹಳ ಹೊತ್ತಾದ ಮೇಲೆ ಖಾರ. ಅದೂ ನಾಲಿಗೆಯ ಮೇಲೆ ನಿಲ್ಲದೆ ನೇರ ಗಂಟಲಿಗೆ ಹೋಗಿ ಕೆರೆಯಿತು. ನೀಲಗಂಗಮ್ಮನ ಖಾರ ಹಾಗಲ್ಲ. ಅದು ನಾಲಿಗೆಯ ತುದಿಯಲ್ಲಿ ಹತ್ತಿ, ಕಿವಿಯ ಹಿಂದೆ ಬೆವರು ತಂದು, ಮತ್ತೊಂದು ತುತ್ತು ಬೇಡುತ್ತದೆ. ಇದು ಬೇಡಲಿಲ್ಲ. ಬೀಜ ಒಂದೂ ಇರಲಿಲ್ಲ, ಸೋಸಿ ಎಸೆದಿದ್ದರು. ಬೆಳ್ಳುಳ್ಳಿಯ ಸುಳಿವೇ ಇರಲಿಲ್ಲ. ಗಂಜಿ ಕಾಸಿ ಬೆರೆಸಿದ ಹಾಗೆ ನುಣ್ಣಗೆ, ಜಾರುವ ಹಾಗೆ. ಬೆರಳು ತೊಳೆದ ಮೇಲೂ ಕೆಂಪು ಹೋಗಲಿಲ್ಲ.

ಹುಲುಗಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ ಒಬ್ಬನೇ ನಕ್ಕ. ಒಂದಲ್ಲ, ಏಳು ತಪ್ಪು. ಬೇಸ್ತವಾರ ಹೋಗಿ ಬೆರಳು ಮಡಿಚುತ್ತ ಎಣಿಸಿ ಹೇಳಿಬಿಡುವುದು, ಅವಳು ಉಳಿಯುವುದು. ರೊಟ್ಟಿಯ ಜೊತೆ ನೋಡಿದ, ಮಂಡಕ್ಕಿಗೆ ಕಲಸಿ ನೋಡಿದ, ಮೊಸರಿನಲ್ಲಿ ನೋಡಿದ. ಯಾವುದರಲ್ಲಿ ನೋಡಿದರೂ ಅದು ಕೆಟ್ಟದಾಗಿಯೇ ಇತ್ತು.

ಇಲ್ಲಿಗೆ ಬಿಟ್ಟಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಮನುಷ್ಯ ಪ್ರಾಮಾಣಿಕ. ಪ್ರಾಮಾಣಿಕತೆಯನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಮಡಿಚಿ ಪೆಟ್ಟಿಗೆಯಲ್ಲಿಡಬೇಕು ಎಂಬ ಅಂದಾಜಿಲ್ಲದ ಪ್ರಾಮಾಣಿಕ. ಮಂಗಳವಾರ ಬೆಳಿಗ್ಗೆ ಮೈಕಿನಲ್ಲಿ ಹರಪನಹಳ್ಳಿ ಬಸ್ಸು ಕೂಗುತ್ತಿರುವಾಗಲೇ ಒಂದು ಅನುಮಾನ ಹೊಕ್ಕಿತು. ಖಾರ ನಿಜಕ್ಕೂ ಕೆಟ್ಟಿದೆಯೋ, ಕೆಟ್ಟಿರಲಿ ಎಂದು ತಾನು ಬಯಸಿದ್ದಕ್ಕೆ ನಾಲಿಗೆ ಹಾಗೆ ಹೇಳಿತೋ? ಅವಳು ಹೋಗಬಾರದು ಎಂದು ಮೈಯೆಲ್ಲ ಕೂಗುವಾಗ ನಾಲಿಗೆಯೊಂದು ಬೇರೆ ಏನು ಹೇಳೀತು?

ಪರೀಕ್ಷಿಸಲು ಕೋಣೆಯಿಂದ ಬಾಟಲಿ ತಂದು ಡ್ರೈವರ್ ಜೋಗಪ್ಪನನ್ನು ಕರೆದ. ಜೋಗಪ್ಪ ಹೊಸಪೇಟೆ ಕಡೆಯವ, ದೊಡ್ಡ ಹೊಟ್ಟೆಯ ಮನುಷ್ಯ. ಚಹಾದ ಜೊತೆ ತಂದಿದ್ದ ಮೆಣಸಿನಕಾಯಿ ಬಜ್ಜಿಯನ್ನು ಬಾಟಲಿಯ ಖಾರದಲ್ಲಿ ಅದ್ದಿ ಒಂದೇ ಬಾಯಿಗೆ ಹಾಕಿಕೊಂಡ.

"ಛಲೋ ಐತಲ್ರಿ ಸಾಹೇಬ್ರ. ಸಿಹಿ ಸಿಹಿ ಐತಿ. ನನ್ನ ಮೊಮ್ಮಗಳೂ ತಿಂತಾಳ ಇದನ್ನ."

"ಏನರ ತಪ್ಪು ಅನ್ನಿಸ್ತೇನು?"

"ಎಂಥ ತಪ್ಪ್ರಿ. ಇನ್ನೊಂದೀಟು ಹಾಕ್ರಿ ಇತ್ಲಾಗ."

ಜೋಗಪ್ಪನಿಗೆ ಬಜ್ಜಿಯ ಕೆಳಗಿನ ಕಾಗದ ಕೊಟ್ಟರೂ ಛಲೋ ಐತಿ ಎನ್ನುತ್ತಿದ್ದ ಎಂದು ನಿಲ್ದಾಣದ ನಾಯಿಗೂ ಗೊತ್ತು. ಹುಲುಗಪ್ಪನಿಗೆ ಮಾತ್ರ ಅದು ತೀರ್ಪಿನ ಹಾಗೆ ಕೇಳಿಸಿತು. ನೋಡಿದೆಯಾ, ಹೊರಗಿನವನಿಗೆ ರುಚಿಸಿತು, ನಿನಗೆ ರುಚಿಸಲಿಲ್ಲ, ಯಾಕೆ? ಒಂದು ತಟ್ಟೆ ಊಟಕ್ಕಾಗಿ ಒಬ್ಬ ಹೆಂಗಸನ್ನು ಹೊಗೆಯಲ್ಲಿ ಕೂರಿಸುವ ಮನುಷ್ಯ ನೀನು. ಅವಳ ಮಂಡಿ ನೆನಪಾಯಿತು. ಒಲೆಯ ಮುಂದಿನಿಂದ ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಕೆಮ್ಮು ನೆನಪಾಯಿತು. ಮಗನ ಸಮಾನನಾದವನು ಮನೆ ಬಾಗಿಲಿಗೆ ಬಂದು ಬಾ ಎನ್ನುತ್ತಿದ್ದಾನೆ. ತನಗೆ ಯಾವ ಹಕ್ಕಿದೆ? ಇರು ಎನ್ನಲು ತಾನು ಯಾರು?

ಬುಧವಾರವೆಲ್ಲ ಇದೇ ಆಯಿತು. ಸಂಜೆ ಮತ್ತೊಮ್ಮೆ ರುಚಿ ನೋಡಿದ, ಮತ್ತೂ ಕೆಟ್ಟದಾಗಿತ್ತು. ಅದು ಎಷ್ಟು ಕೆಟ್ಟದಾಗಿ ಕಂಡಿತೋ ಅಷ್ಟೂ ಅವನಿಗೆ ತನ್ನ ಮೇಲೆ ನಂಬಿಕೆ ಹೋಯಿತು.

ಬೇಸ್ತವಾರ ಮೂರು ಗಂಟೆಗೆ ಬಾಟಲಿ ಹಿಡಿದುಕೊಂಡು ಹೋದಾಗ ಖಾನಾವಳಿ ಖಾಲಿಯಿತ್ತು. ನೀಲಗಂಗಮ್ಮ ಮೇಜು ಒರೆಸಿ ಕಾಯುತ್ತಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಹುಲುಗಪ್ಪನಿಗೆ ಕಾಣಲಿಲ್ಲವೆಂದಲ್ಲ, ಕಂಡಿತು, ಹೊಸ ಊರಿಗೆ ಹೋಗುವ ಸಂತೋಷ ಎಂದುಕೊಂಡ. ಹೊಸದಾಗಿ ಬಡಿದ ರೊಟ್ಟಿ ತಂದಿಟ್ಟು, ಬಾಟಲಿಯ ಖಾರ ಒಂದು ಚಮಚ ಬಡಿಸಿ, ಎಣ್ಣೆ ಬಿಟ್ಟು, ಯಾವಾಗಲೂ ನಿಲ್ಲುವ ಕಡೆ ನಿಂತಳು.

"ಹ್ಯಾಂಗೈತ್ರಿ ಸಾಹೇಬ್ರ?"

"ಛಲೋ ಐತ್ರಿ."

ಅವಳು ಎಣ್ಣೆಯ ಚಮಚ ಕೆಳಗಿಟ್ಟಳು.

"ಉಪ್ಪು?"

"ಸರಿ ಐತ್ರಿ."

"ಹುಳಿ?"

"ಸರಿ ಐತಿ."

"ಬೆಳ್ಳುಳ್ಳಿ?"

ಹುಲುಗಪ್ಪ ರೊಟ್ಟಿ ಮುರಿಯುತ್ತ, "ಬೇಕಾದಷ್ಟ ಐತ್ರಿ," ಎಂದ.

"ಒಂದರ ತಪ್ಪು ಹೇಳ್ರಿ. ನಮ್ಮ ಪದ್ಧತಿ ನಿಮಗ ಗೊತ್ತೈತಲ್ಲ. ಸಣ್ಣದರ ಹೇಳ್ರಿ."

"ಏನೂ ತಪ್ಪಿಲ್ರಿ ಇದರಾಗ." ಹೇಳುವುದನ್ನು ಪೂರ್ತಿ ಹೇಳಿಬಿಡಬೇಕು ಎಂದು ಅವನು ಒಂದೇ ಉಸಿರಿನಲ್ಲಿ ಮುಂದುವರಿಸಿದ. "ಹೋಗ್ರಿ ನೀವು. ಅಲ್ಲಿ ಹೊಗಿ ಇಲ್ಲ, ಏನಿಲ್ಲ. ನಿಮ್ಮ ಮಂದಿ ಅದಾರ. ಆರಾಮ ಇರ್ತೀರಿ."

ನೀಲಗಂಗಮ್ಮ ಆಯಿತು ಎಂದಳು. ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳಲಿಲ್ಲ. ಒಳಗೆ ಹೋದವಳು ಅವನು ಕೈ ತೊಳೆದು ಬಾಟಲಿ ಎತ್ತಿಕೊಂಡು ಹೊರಡುವವರೆಗೂ ಹೊರಗೆ ಬರಲಿಲ್ಲ. ದೊಡ್ಡದೊಂದು ತ್ಯಾಗ ಮಾಡಿದವನ ಹಾಗೆ ಹುಲುಗಪ್ಪ ಓಣಿಯಲ್ಲಿ ನಡೆದ. ಕಣ್ಣಲ್ಲಿ ನೀರಿತ್ತು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡ. ಒಳ್ಳೆಯ ಕೆಲಸ ಮಾಡಿದವನಿಗೆ ಆಗಬೇಕಾದ ಹಗುರ ಮಾತ್ರ ಎಲ್ಲಿಯೂ ಸಿಗಲಿಲ್ಲ.

ಮುಂದಿನ ಹತ್ತು ದಿನ ಖಾನಾವಳಿಯಲ್ಲಿ ಸಾಮಾನು ಕಡಿಮೆಯಾಗುತ್ತ ಹೋಯಿತು. ಮೊದಲು ಒಂದು ಮೇಜು ಹೋಯಿತು, ಆಮೇಲೆ ದೊಡ್ಡ ಹಂಡೆ. ಡ್ರೈವರುಗಳು ಬಂದು ಗದ್ದಲ ಮಾಡಿದರು, ಎಲ್ಲಿಗೆ ಹೋಗ್ತೀಯಕ್ಕ, ನಮ್ಮ ಹೊಟ್ಟೆ ಗತಿ ಏನು, ಹೋಗಬ್ಯಾಡ ಎಂದು ಅವರು ಸರಾಗವಾಗಿ ಅಂದರು. ಎಲ್ಲರಿಗೂ ನಗುತ್ತ ಉತ್ತರ ಕೊಡುತ್ತಿದ್ದ ನೀಲಗಂಗಮ್ಮ ಹುಲುಗಪ್ಪನ ತಟ್ಟೆಯ ಹತ್ತಿರ ಬಂದಾಗ ಬಡಿಸಿ ಮುಂದೆ ಹೋಗುತ್ತಿದ್ದಳು. ಅವಳಿಗೆ ಕೆಲಸ ಜಾಸ್ತಿ, ಮಾತಾಡಲು ಪುರುಸೊತ್ತಿಲ್ಲ ಎಂದುಕೊಂಡ ಈ ಪುಣ್ಯಾತ್ಮ.

ಹೊರಡುವ ದಿನ ಸೋಮವಾರ ಬೆಳಿಗ್ಗೆ. ಹುಲುಗಪ್ಪ ಗಡ್ಡ ಬೋಳಿಸಿಕೊಳ್ಳುತ್ತಿದ್ದವನು, ತಾನು ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದೇನೆ ಎಂದು ಗಮನಿಸಿ ಕೈ ನಿಲ್ಲಿಸಿದ. ಸಿಹಿ. ವಿನೆಗರ್. ಬೀಜವಿಲ್ಲ. ಬೆಳ್ಳುಳ್ಳಿಯಿಲ್ಲ. ಏಳು ತಪ್ಪುಗಳೂ ಒಂದರ ಹಿಂದೆ ಒಂದು ಬರುತ್ತಿದ್ದವು. ತಪ್ಪು ಹೇಳದೆ ಕಳಿಸಿದರೆ ಅವಳ ಹೊಸ ಕೆಲಸಕ್ಕೆ ಕಣ್ಣು ತಾಗುತ್ತದೆ, ಪದ್ಧತಿ ಕೆಡಿಸಿದ ಹಾಗಾಗುತ್ತದೆ ಎಂಬ ನೆಪ ಸಿಕ್ಕಿತು. ನೆಪವಾದರೂ ಸಿಕ್ಕಿತಲ್ಲ. ಅರ್ಧ ಗಡ್ಡದಲ್ಲೇ ಮುಖ ತೊಳೆದು, ಬಾಟಲಿ ಹಿಡಿದುಕೊಂಡು ಓಣಿಗೆ ಓಡಿದ.

ಟೆಂಪೊಗೆ ಸಾಮಾನು ಹೇರಿಯಾಗಿತ್ತು. ಕೊಟ್ರಬಸಪ್ಪ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ. ನೀಲಗಂಗಮ್ಮ ಮನೆಗೆ ಬೀಗ ಹಾಕಿ, ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು.

"ಏನ್ರಿ," ಎಂದ ಹುಲುಗಪ್ಪ ಏದುಸಿರು ಬಿಡುತ್ತ. "ಅವತ್ತು ನಾ ಸುಳ್ಳು ಹೇಳಿದೆ. ಈ ಖಾರ ಛಲೋ ಇಲ್ರಿ. ಸಿಹಿ ಐತಿ. ಔಷಧ ವಾಸನಿ ಬರ್ತೈತಿ. ಬೀಜ ಸೋಸ್ಯಾರ, ಗಂಜಿ ಕೂಡಿಸ್ಯಾರ, ಬಣ್ಣ ಹಾಕ್ಯಾರ. ಖಾರ ಗಂಟಲಿಗೆ ಹತ್ತತೈತಿ, ನಾಲಿಗಿಗೆ ಹತ್ತಂಗಿಲ್ಲ. ಬೆಳ್ಳುಳ್ಳಿ ಅಂತೂ ಇಲ್ಲವೇ ಇಲ್ಲ."

ಅವಳು ಪೂರ್ತಿ ಕೇಳಿದಳು. ಕೈಗಳು ಮಡಿಲಲ್ಲಿದ್ದವು.

"ಗೊತ್ತೈತ್ರಿ ನನಗ," ಎಂದಳು. "ನಿಮಗ ಕೊಡಾಕ ಮೊದಲ ನಾನೂ ನೆಕ್ಕಿ ನೋಡಿದ್ದೆ. ಮೂವತ್ತು ವರ್ಷ ಖಾರ ಕುಟ್ಟೀನಿ, ನನಗ ತಿಳಿಯಂಗಿಲ್ಲೇನು?"

"ತಿಳಿದಿದ್ರ ಮತ್ತ ನನ್ನ ಯಾಕ ಕೇಳಿದ್ರಿ? ಯಾಕ ಹೊಂಟೀರಿ?"

ಕೊಟ್ರಬಸಪ್ಪ ಆ ಕಡೆಯ ಗಂಟು ಬಿಗಿಯಲು ಕೆಳಗಿಳಿದು ಟೆಂಪೊದ ಹಿಂದಕ್ಕೆ ಹೋಗಿದ್ದ. ನೀಲಗಂಗಮ್ಮ ಎದ್ದು ನಿಂತಳು. ಮಂಡಿ ಹಿಡಿದುಕೊಂಡು ಎದ್ದಳು. ದನಿ ಏರಿಸಲಿಲ್ಲ.

"ಹದಿನಾಕು ವರ್ಷ ನನ್ನ ಖಾರದಾಗ ತಪ್ಪು ಹುಡಿಕಿದ್ರಿ ಸಾಹೇಬ್ರ. ಏನೂ ಸಿಗದಿದ್ರ ಭರಣಿ ಬಟ್ಟಿಗೆ ತಪ್ಪು ಹೇಳಿದ್ರಿ. ನನ್ನ ಈ ಊರು ಬಿಡಿಸೋ ಖಾರದಾಗ ನಿಮಗ ಒಂದ ತಪ್ಪು ಸಿಗಲಿಲ್ಲ. ಹೋಗ್ರಿ ಅಂದ್ರಿ. ಅದಕ್ಕ ಹೊಂಟೀನಿ."

ಹುಲುಗಪ್ಪನಿಗೆ ಈಗ ತಿಳಿಯಿತು. ಅವಳು ಎದುರಿಗೇ ನಿಂತಿದ್ದಳು, ಇನ್ನೂ ಟೆಂಪೊ ಹತ್ತಿರಲಿಲ್ಲ. ಇರ್ರಿ ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಜೊತೆಗೆ ಬೇಡದ ಇನ್ನೆಷ್ಟೋ ಮಾತುಗಳು ಬಂದು ಅಡ್ಡ ನಿಂತವು. ಸಾಮಾನು ಹೇರಿಯಾಗಿದೆ. ಮನೆ ಬಿಟ್ಟುಕೊಟ್ಟಾಗಿದೆ. ಹುಡುಗ ಟೆಂಪೊದ ಹಿಂದೆ ಇದ್ದಾನೆ, ಏನೆಂದುಕೊಳ್ಳುತ್ತಾನೆ. ತಾನು ಕೇರಿಯವ, ಅವರು ಅಯ್ಯನೋರನ್ನು ಕರೆಸಿ ಪಾದಪೂಜೆ ಮಾಡುವ ಮಂದಿ. ಅವಳು ಇರುತ್ತೇನೆ ಅಂದರೆ ನಾಳೆಯಿಂದ ಊರಿನವರ ಬಾಯಿಗೆ ಬೀಳುವವಳು ಅವಳು. ಅದಲ್ಲದೆ ತನಗೆ ಐವತ್ತೊಂದು. ಆ ಹೊತ್ತಿನಲ್ಲಿ ಅವನ ಬೆನ್ನಿಗೆ ಒಂದು ಗುದ್ದು ಹಾಕುವವರು ಯಾರಾದರೂ ಹತ್ತಿರದಲ್ಲಿ ಇರಬೇಕಿತ್ತು.

ನೀಲಗಂಗಮ್ಮ ಕಾದಳು. ಟೈಲರ್ ಅಂಗಡಿಯವನು ಬಾಗಿಲು ತೆಗೆದು ಕಸ ಹೊಡೆದು ಮುಗಿಸುವಷ್ಟು ಹೊತ್ತು ಕಾದಳು.

"ಆಯ್ತ್ರಿ," ಎಂದ ಹುಲುಗಪ್ಪ ಕೊನೆಗೆ. "ಹುಷಾರಾಗಿ ಹೋಗಿ ಬರ್ರಿ."

ಅವಳು ತಲೆಯಾಡಿಸಿದಳು. ಕೊಟ್ರಬಸಪ್ಪ ಬಂದು ತೋಳು ಹಿಡಿದು ಮುಂದಿನ ಸೀಟಿಗೆ ಹತ್ತಿಸಿದ. ಹತ್ತಿದವಳು ಸೆರಗು ಸರಿಮಾಡಿಕೊಂಡು ನೇರ ಮುಂದಕ್ಕೆ ನೋಡುತ್ತ ಕೂತಳು. ಹೋಗುವಾಗ ಕೊಟ್ರಬಸಪ್ಪ ಕಿಟಕಿಯಿಂದ ಕೈ ಬೀಸಿ, "ಬಾಟ್ಲಿ ನೀವೇ ಇಟ್ಕಳ್ರಿ ಸಾರ್," ಎಂದ.

ಅಂದಿನಿಂದ ಹುಲುಗಪ್ಪ ಕೋಣೆಯಲ್ಲೇ ಅನ್ನ ಮಾಡಿಕೊಳ್ಳತೊಡಗಿದ. ಸಾರು ಮಾಡಲು ಬರುತ್ತಿರಲಿಲ್ಲ. ಬಿಸಿ ಅನ್ನಕ್ಕೆ ಬಾಟಲಿಯ ಖಾರ ಹಾಕಿ, ಎಣ್ಣೆ ಬಿಟ್ಟು ಕಲಸಿ ತಿನ್ನುತ್ತಿದ್ದ. ನಿಲ್ದಾಣದ ಎದುರಿಗೆ ಎರಡು ಹೋಟೆಲುಗಳಿದ್ದವು, ಅಲ್ಲಿಗೆ ಹೋಗಲಿಲ್ಲ. ಬಾಟಲಿ ಹತ್ತೊಂಬತ್ತು ದಿನ ಬಂತು. ಒಂದು ದಿನವೂ ಅದು ರುಚಿಸಲಿಲ್ಲ. ಪ್ರತಿದಿನವೂ ಅದೇ ಸಿಹಿ, ಅದೇ ಆಸ್ಪತ್ರೆಯ ವಾಸನೆ. ಹತ್ತೊಂಬತ್ತನೆಯ ದಿನ ಚಮಚಕ್ಕೆ ಏನೂ ಸಿಗದಿದ್ದಾಗ, ಬಾಟಲಿಗೆ ಒಂದಿಷ್ಟು ನೀರು ಹಾಕಿ, ಮುಚ್ಚಳ ಮುಚ್ಚಿ ಚೆನ್ನಾಗಿ ಕುಲುಕಿ, ಆ ಕೆಂಪು ನೀರನ್ನೂ ಅನ್ನಕ್ಕೆ ಸುರಿದುಕೊಂಡು ಉಂಡ.